ಖಾಲಿ ಹೋಗದ ಡಬ್ಬಿ

ಎಷ್ಟೋ ಕಾಲದ ಹಿಂದೆ, ಅಂದರೆ 2014ರ ಚಳಿಗಾಲದಲ್ಲಿ, ಕಾಲುವೆಗಳ ಊರಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಒಂದು ಸ್ಟೀಲ್ ಡಬ್ಬಿ ಇತ್ತಂತೆ. ಒಂದು ಮನೆಯಿಂದ ಇನ್ನೊಂದು ಮನೆಗೆ ಅದು ಎಂದೂ ಖಾಲಿ ಹೋಗುತ್ತಿರಲಿಲ್ಲವಂತೆ. ಕಥೆ ಹೇಳುವವಳು ನನ್ನ ಅಜ್ಜಿಯಾಗಿದ್ದರೆ ಇಲ್ಲಿ ನಿಲ್ಲಿಸಿ, ನಾನು 'ಹೂಂ' ಅನ್ನುವವರೆಗೆ ಕಾಯುತ್ತಿದ್ದಳು.

ಡಬ್ಬಿ ಅಮೂಲ್ಯಾಳದು. ನಾವಿಬ್ಬರೂ ಎಜ್‌ಬಾಸ್ಟನ್‌ನಲ್ಲಿ ಎಂ.ಎಸ್ಸಿ. ಓದುತ್ತ, ಹಾರ್ಬೋರ್ನ್‌ನ ಒಂದು ಮಹಡಿಮನೆಯಲ್ಲಿ ಜೊತೆಗಿದ್ದೆವು. ಎರಡು ಬೀದಿ ಆಚೆ ಡಾಕ್ಟರ್ ಅಚ್ಯುತ, ಅವರ ಹೆಂಡತಿ ಸೀತಾಲಕ್ಷ್ಮಿ, ಮೂರು ವರ್ಷದ ಮಗ ಈಶಾನ್. ಅಮೂಲ್ಯಾ ಜ್ವರದಲ್ಲಿ ಮಲಗಿದಾಗ ಡಾಕ್ಟರು ಅವಳನ್ನು ಕಾರಿನಲ್ಲಿ ಜಿಪಿ, ಅಂದರೆ ಅಲ್ಲಿನ ಬಡಾವಣೆಯ ವೈದ್ಯರ, ಹತ್ತಿರ ಕರೆದುಕೊಂಡು ಹೋಗಿದ್ದರು. ವಾಸಿಯಾದ ಮೇಲೆ ಅವಳು ಬಿಸಿಬೇಳೆಬಾತ್ ಮಾಡಿ ಕಳಿಸಿದಳು. ವಾರದ ನಂತರ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಡಾಕ್ಟರು ಬಾಗಿಲು ತಟ್ಟಿ ಡಬ್ಬಿ ಕೊಟ್ಟು ಹೋದರು. ಒಳಗೆ ಎರಡು ಸೇಬು.

"ಎರಡು ಸೇಬು ಅಂದ್ರೆ ಏನೇ ಅದಿತಿ?" ಎಂದು ಅವಳು ನಕ್ಕಳು.

"ಒಂದು ನೀನು, ಇನ್ನೊಂದು ಅವ್ರು."

ಅಜ್ಜಿಯ ಕಥೆಗಳಲ್ಲಿ ರಾಜಕುಮಾರರು ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಹೂವು ಕಳಿಸುತ್ತಾರೆ, ಹಣ್ಣು ಕಳಿಸುತ್ತಾರೆ, ಗೆಳತಿ ಅರ್ಥ ಬಿಡಿಸಬೇಕು. ನನಗೆ ಆ ಗೆಳತಿಯ ಪಾತ್ರ ಹಿಡಿಸಿತು. ಮುಂದಿನ ಸಲ ಕಲ್ಲುಸಕ್ಕರೆ ಬಂತು. "ಕರಗೋವರೆಗೂ ಕಾಯಿ ಅಂತ," ಎಂದೆ. ಲವಂಗ ಬಂತು. "ಯಾರಿಗೂ ಹೇಳ್ಬೇಡ ಅಂತ." ಅಮೂಲ್ಯಾ ಈಗ ನಗುತ್ತಿರಲಿಲ್ಲ.

ಆಮೇಲೆ ಅವಳು ನನ್ನನ್ನು ಕೇಳುವುದನ್ನೇ ಬಿಟ್ಟಳು. ಡಾಕ್ಟರ ಡ್ಯೂಟಿ ಪಟ್ಟಿ ಅವಳಿಗೆ ಬಾಯಿಪಾಠವಾಯಿತು. ಅವರ ಮನೆಯೆದುರಿನ ಬಸ್ ಸ್ಟಾಪಿನಲ್ಲಿ ಕುಳಿತು ಬಸ್ಸುಗಳನ್ನು ಒಂದಾದ ಮೇಲೊಂದು ಬಿಟ್ಟುಬಿಡುತ್ತಿದ್ದಳು.

ಫೆಬ್ರವರಿಯಲ್ಲಿ ವಿದ್ಯಾರ್ಥಿಗಳ ಫಿಲ್ಮ್ ಕ್ಲಬ್ಬಿನವರು ಒಂದು ಫ್ರೆಂಚ್ ಸಿನಿಮಾ ತೋರಿಸಿದರು. ಅದರಲ್ಲಿ ಒಬ್ಬ ಹೆಂಗಸು, ಎದುರುಮನೆಯವನ ಕಿಟಕಿಯ ಪರದೆ ಸರಿದಾಗಲೆಲ್ಲ ಅದು ತನಗೇ ಬಂದ ಪ್ರೇಮಪತ್ರ ಎಂದುಕೊಳ್ಳುತ್ತಾಳೆ. ಕೊನೆಗೆ ಅವನ ಮನೆಗೇ ಬೆಂಕಿಯಿಡುತ್ತಾಳೆ. ನಾನು ಪಕ್ಕಕ್ಕೆ ತಿರುಗಿ ಅಮೂಲ್ಯಾಳ ಮುಖ ನೋಡಿದೆ. ಅವಳು ಹೊರಬರುತ್ತ ಕೋಟಿನ ಗುಂಡಿ ಹಾಕಿಕೊಂಡು ಹೇಳಿದಳು: "ಪಾಪ, ಹುಚ್ಚು ಅವಳಿಗೆ. ಪರದೆ ಎಲ್ರೂ ಸರಿಸ್ತಾರೆ ಕಣೇ. ಡಬ್ಬಿ ಹಂಗಲ್ವಲ್ಲ."

ಮರುವಾರ, ಗುರುವಾರ, ಸೀತಾಲಕ್ಷ್ಮಿ ನನ್ನನ್ನು ಹುಡುಕಿಕೊಂಡು ಲೈಬ್ರರಿಗೆ ಬಂದರು. ಕೂತವರು ಚೀಲದಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು.

"ನಿನ್ನೆ ನಿನ್ನ ಫ್ರೆಂಡು ಈಶಾನ್ ನರ್ಸರಿಗೆ ಹೋಗಿದ್ಲು. ನಾನೇ ಅವನ ಅಮ್ಮ, ಕರ್ಕೊಂಡ್ ಹೋಗ್ತೀನಿ ಅಂದಳಂತೆ. ಪುಣ್ಯಕ್ಕೆ ಮಗೂನ ಕಳಿಸೋ ಮುಂಚೆ ಮನೆಯವ್ರಿಗೆ ಕೊಟ್ಟಿರೋ ಪಾಸ್‌ವರ್ಡ್ ಕೇಳಿದ್ರು."

ನಾನು ಸೇಬು, ಕಲ್ಲುಸಕ್ಕರೆ, ಲವಂಗ, ನನ್ನ ಅರ್ಥಗಳು, ಎಲ್ಲವನ್ನೂ ಹೇಳಿದೆ.

"ಅಯ್ಯೋ ರಾಮ," ಎಂದರು ಅವರು. "ತುಂಬಿಸ್ತಿದ್ದೋಳು ನಾನಲ್ವೇನೇ. ಲವಂಗ ಯಾವ ಡಬ್ಬೀಲಿದೆ ಅಂತ ಇವ್ರಿಗೆ ಗೊತ್ತಾ? ಖಾಲಿ ಪಾತ್ರೆ ವಾಪಸ್ ಕೊಡಬಾರ್ದು ಅಂತ ಕೈಗೆ ಸಿಕ್ಕಿದ್ದು ಹಾಕ್ತಿದ್ದೆ."

"ಗೊತ್ತಿರ್ಲಿಲ್ಲ ಅಕ್ಕ."

"ಇವ್ರು ಪೊಲೀಸಿಗೆ ಹೇಳ್ತೀನಿ ಅಂತ ಕೂತಿದಾರೆ. ಹೇಳಿದ್ರೆ ಆ ಹುಡುಗಿ ಓದು, ವೀಸಾ, ಎಲ್ಲಾ ಹೋಗತ್ತೆ. ಶನಿವಾರದ ತನಕ ತಡೀರಿ ಅಂದಿದೀನಿ." ಡಬ್ಬಿಯನ್ನು ನನ್ನತ್ತ ತಳ್ಳಿದರು. "ಜನ್ಮದಲ್ಲಿ ಯಾರಿಗೂ ಖಾಲಿ ಕೊಟ್ಟೋಳಲ್ಲ ನಾನು. ಇದನ್ನ ಹಿಂಗೇ ಕೊಡು. ತುಂಬಿಸ್ತಿದ್ದೋರು ಯಾರು, ಅರ್ಥ ಹೇಳ್ತಿದ್ದೋರು ಯಾರು, ಎರಡೂ ಹೇಳು."

"ಹೇಳ್ತೀನಿ ಅಕ್ಕ. ಖಂಡಿತ."

ಗುರುವಾರ ಸಂಜೆ ಅವಳಿಗೆ ತಲೆನೋವು, ಹೇಳಲಿಲ್ಲ. ಶುಕ್ರವಾರ ಕಾಲುವೆಯ ದಂಡೆಯ ಮೇಲೆ ಅತ್ತಿಂದಿತ್ತ ನಡೆದೆ. ಚೀಲದೊಳಗೆ ಮುಚ್ಚಳ ಹೆಜ್ಜೆಗೊಮ್ಮೆ ಸದ್ದು ಮಾಡುತ್ತಿತ್ತು. ಒಂದು ಹಿಡಿ ಸಕ್ಕರೆ ಹಾಕಿಬಿಟ್ಟರೆ ಈ ಸದ್ದು ನಿಲ್ಲುತ್ತದೆ ಅನ್ನಿಸಿತು. ಅಂಗಡಿಯೊಳಕ್ಕೆ ಹೋಗಿ, ಸಕ್ಕರೆ ಪೊಟ್ಟಣ ಕೈಗೆತ್ತಿಕೊಂಡು, ಮತ್ತೆ ಇಟ್ಟು ಬಂದೆ. ಅವಳಿಗೆ ನಾನೇ ಕಟ್ಟಿಕೊಟ್ಟ ಕಥೆ ಅದು. ಅದರೊಳಗೆ ಅವಳು ಸುಖವಾಗಿದ್ದಳು ಎಂಬುದೇ ನನ್ನ ಹೆದರಿಕೆ.

ಶನಿವಾರ ಬೆಳಿಗ್ಗೆ ಎದ್ದಾಗ ಅಮೂಲ್ಯಾ ರೇಷ್ಮೆ ಸೀರೆ ಉಟ್ಟು ಸೂಟ್‌ಕೇಸ್ ಮುಚ್ಚುತ್ತಿದ್ದಳು. ಬಟ್ಟೆಗಳ ಮೇಲೆ ಪುಟ್ಟ ಹುಡುಗನ ಒಂದು ಜೊತೆ ಹೊಸ ಬೂಟು.

"ಇವತ್ತು ಅವರ್ದು ಮಧ್ಯಾಹ್ನದ ಶಿಫ್ಟು," ಎಂದಳು. "ಅಷ್ಟರೊಳಗೆ ನಾನು ಹೋಗಿ ಸೇರ್ಕೋಬೇಕು. ಅವ್ಳಿಗೆ ನಾನೇ ಹೇಳ್ತೀನಿ, ಜಾಗ ಬಿಡು ಅಂತ."

ನಾನು ಬಾಗಿಲಿಗೆ ಬೆನ್ನುಕೊಟ್ಟು ನಿಂತು ಡಬ್ಬಿ ಚಾಚಿದೆ. ಅವಳ ಮುಖ ಅರಳಿತು. ಮುಚ್ಚಳ ತೆಗೆದಳು, ತಳದವರೆಗೆ ಬೆರಳಾಡಿಸಿದಳು. ಎಷ್ಟೋ ವಾರಗಳ ಮೇಲೆ ಮತ್ತೆ ನನ್ನನ್ನು ಕೇಳಿದಳು:

"ಖಾಲಿ ಅಂದ್ರೆ ಏನೇ?"

"ಏನೂ ಇಲ್ಲ ಅಂತ. ಯಾವತ್ತೂ ಏನೂ ಇರ್ಲಿಲ್ಲ ಅಮ್ಮು. ತುಂಬಿಸ್ತಿದ್ದಿದ್ದು ಸೀತಕ್ಕ. ಅರ್ಥ ಕಟ್ತಿದ್ದಿದ್ದು ನಾನು. ಡಾಕ್ಟರು ನಿಂಗೆ ಒಂದು ಮಾತೂ ಹೇಳಿಲ್ಲ."

ಅವಳು ನನ್ನನ್ನು ಸರಿಸಲು ಭುಜಕ್ಕೆ ಕೈಹಾಕಿದಳು. ಉಗುರು ನಾಟಿತು. ನಾನು ಕದಲಲಿಲ್ಲ. ಹಿಡಿತ ಮೆಲ್ಲನೆ ಸಡಿಲವಾಯಿತು. ಅವಳು ಸೂಟ್‌ಕೇಸಿನ ಮೇಲೆ ಕುಳಿತಳು.

"ಇನ್ನೊಂದ್ ಸಲ ಹೇಳು."

ಅವಳ ಪಕ್ಕದಲ್ಲಿ ನೆಲದ ಮೇಲೆ ಕುಳಿತು, ಒಂದು ಮಾತನ್ನೂ ಬಿಡದೆ, ಇನ್ನೊಂದು ಸಲ ಹೇಳಿದೆ.