ಹದಿನಾರು ಕೋಣೆಗಳ ಪೈಪು

ಹತ್ತನೇ ತರಗತಿಯ ಹುಡುಗಿ ಕಂಪ್ಯೂಟರ್ ಪರೀಕ್ಷೆಯಲ್ಲಿ ನೂರಕ್ಕೆ ನೂರು ತೆಗೆದು, ಮನೆಯವರ ಕಿವಿ ತೂತಾಗುವಷ್ಟು ಸಲ ಅದನ್ನು ಹೇಳಿದ್ದಳು. ರಜೆಯ ದಿನ ಪ್ಲಂಬರ್ ಚಿಕ್ಕಮ್ಮ ಅವಳನ್ನು ಒಂದು ಹಾಸ್ಟೆಲ್ಲಿಗೆ ಕರೆದೊಯ್ದಳು. ಅಲ್ಲಿ ಸಾಲಾಗಿ ಹದಿನಾರು ಕೋಣೆಗಳಿಗೆ ಒಂದೇ ಪೈಪು. ಪ್ರತಿ ಕೋಣೆ ದಾಟಿದ ಮೇಲೆ ಅದಕ್ಕೊಂದು ವಾಲ್ವ್. ನಲ್ಲಿಗಳನ್ನೆಲ್ಲ ಮುಚ್ಚಿದ್ದರೂ ಪೈಪಿನ ಆರಂಭದಲ್ಲಿದ್ದ ನೀರಿನ ಮೀಟರ್ ತಿರುಗುತ್ತಲೇ ಇತ್ತು; ಎಲ್ಲೋ ಸೋರುತ್ತಿತ್ತು.

ಹುಡುಗಿ ಮೊದಲ ಕೋಣೆಗೆ ನುಗ್ಗಿ ಗೋಡೆಗೆ ಕಿವಿಯಿಟ್ಟಳು. ಮೂರನೆಯದರಲ್ಲಿ ಮಂಚದಡಿ ತೆವಳುತ್ತಿದ್ದಾಗ ಚಿಕ್ಕಮ್ಮ ಬಾಗಿಲಲ್ಲಿ ನಿಂತು, "ಎಲ್ಲಿಗೆ ಬಂತು ಸವಾರಿ?" ಎಂದಳು. "ಅಕ್ಷರ ಕ್ರಮದಲ್ಲಿರೋ ಸಾವಿರ ಹೆಸರಲ್ಲಿ ಒಂದನ್ನ ಹತ್ತೇ ಸಲ ನೋಡಿ ಹುಡುಕಬಹುದು ಅಂತಿದ್ದೆಯಲ್ಲ, ಹೇಗೆ ಅದು?"

"ಮಧ್ಯದಲ್ಲಿ ನೋಡಿ, ಪ್ರತಿ ಸಲ ಅರ್ಧ ಪಟ್ಟಿ ಬಿಟ್ಟುಬಿಡೋದು..." ಎನ್ನುತ್ತಲೇ ಹುಡುಗಿಯ ಮುಖ ಕೆಂಪಾಯಿತು.

ಅವಳು ಓಡಿಹೋಗಿ ಎಂಟನೇ ಕೋಣೆಯ ವಾಲ್ವ್ ಮುಚ್ಚಿದಳು. ಮೀಟರ್ ನಿಂತಿತು, ಅಂದರೆ ಸೋರಿಕೆ ಆಚೆಗಿನ ಎಂಟರಲ್ಲಿ. ಅದನ್ನು ತೆರೆದು ಹನ್ನೆರಡನೆಯದನ್ನು ಮುಚ್ಚಿದರೆ ಮೀಟರ್ ತಿರುಗಿತು. ಹತ್ತನೆಯದಕ್ಕೆ ನಿಂತಿತು, ಹನ್ನೊಂದನೆಯದಕ್ಕೆ ಮತ್ತೆ ತಿರುಗಿತು. ನಾಲ್ಕೇ ಪ್ರಯತ್ನಕ್ಕೆ ಹನ್ನೊಂದನೇ ಕೋಣೆ ಸಿಕ್ಕಿಬಿತ್ತು.

ಚಿಕ್ಕಮ್ಮ ಅಲ್ಲಿಯ ಗೋಡೆ ಒಡೆದಳು. ಒಳಗೆ ಪೈಪಿನ ಜಾಯಿಂಟ್ ಸಡಿಲವಾಗಿ ನೀರು ಸೋರುತ್ತಿತ್ತು.

"ಯಾರೋ ಕಾಟಾಚಾರಕ್ಕೆ ಜಾಯಿಂಟ್ ಹಾಕಿದ್ದಾರೆ," ಎಂದಳು ಹುಡುಗಿ.

"ಹಾಕಿದ್ದು ನಾನೇ, ಹೋದ ವರ್ಷ. ಇನ್ನು ಅದನ್ನೊಂದು ಊರಿಗೆಲ್ಲ ಸಾರಬೇಡ."

ಹುಡುಗಿ ನಗು ನುಂಗಿಕೊಂಡು ಸ್ಪ್ಯಾನರ್ ಎತ್ತಿಕೊಟ್ಟಳು. ಚಿಕ್ಕಮ್ಮ ಈ ಸಲ ಜಾಯಿಂಟನ್ನು ಎರಡೆರಡು ಬಾರಿ ಬಿಗಿದು, ಅವಳ ಕೈಯಿಂದಲೂ ಒಮ್ಮೆ ಎಳೆಸಿ ನೋಡಿದಳು.