ಹೂಂಗುಟ್ಟುವ ಕಿವಿ

ಅಜ್ಜಿ ಕಥೆ ಹೇಳುವಾಗ ಯಾರಾದರೊಬ್ಬರು ಹೂಂಗುಟ್ಟಲೇಬೇಕಿತ್ತು. ಇಲ್ಲದಿದ್ದರೆ ಕಥೆ ದಾರಿ ತಪ್ಪಿ ಕಾಡು ಸೇರುತ್ತದೆ ಎಂದು ಅವಳು ಬಾಯಿ ಮುಚ್ಚಿಬಿಡುತ್ತಿದ್ದಳು. ರಾಕ್ಷಸ ಬರುವ ಮೊದಲೇ ಮೊಮ್ಮಗಳು ನಿದ್ದೆಹೋದರೂ ಸೋದರಮಾವ ಮಾತ್ರ ಕೊನೆಯವರೆಗೂ ಹೂಂ ಹೂಂ ಎನ್ನುತ್ತಿದ್ದ. ಅಜ್ಜಿ ಹೋದಳು, ಮಾವನ ಕಿವಿ ಮಂದವಾಯಿತು, ಹೂಂ ಉಳಿಯಿತು. ಈಗ ಯಾರು ಏನೇ ಹೇಳಲಿ, ಕೇಳಿಸಲಿ ಬಿಡಲಿ, ಎದುರಿನವರಿಗೆ ಬೇಸರವಾಗಬಾರದೆಂದು ಅವನು ಹೂಂ ಎನ್ನುತ್ತಾನೆ.

ಮೊಮ್ಮಗಳು ದೊಡ್ಡವಳಾಗಿ ಕಿವಿಯಂತ್ರ ಮಾರುವ ಕಂಪನಿಯಲ್ಲಿ ಫೋನ್ ಹಿಡಿಯುವ ಕೆಲಸಕ್ಕೆ ಸೇರಿದ್ದಳು. ಜನರಿಗೆ ಕಿವಿ ಕೊಡುವ ಕೆಲಸ ಎಂದು ಮನೆಯಲ್ಲಿ ಕೊಚ್ಚಿಕೊಂಡಿದ್ದಳು. ಉಳಿದದ್ದನ್ನು ಹೇಳಿರಲಿಲ್ಲ.

ಉಳಿದದ್ದು ಹೇಸಿಗೆ. ಡಬ್ಬಿಯ ಮೇಲೆ ‘ಕೇಳಿಸದಿದ್ದರೆ ಪೂರ್ತಿ ಹಣ ವಾಪಸ್’ ಎಂದು ಕುಂಬಳಕಾಯಿ ಗಾತ್ರದ ಅಕ್ಷರ. ಯಂತ್ರ ಬಳಸುವವರೇ ಖುದ್ದಾಗಿ ಫೋನ್ ಮಾಡಬೇಕು ಎಂಬುದು ತಳದಲ್ಲಿ ಸಾಸಿವೆಯಷ್ಟು. ಫೋನ್ ಬಂದರೆ ಅವಳು ಕೇಳಬೇಕಾದದ್ದು ಒಂದೇ: “ನನ್ನ ಮಾತು ನಿಮಗೆ ಕೇಳಿಸುತ್ತಿದೆಯೇ?” ಉತ್ತರ ಬಂತೋ, ಯಂತ್ರ ಚೆನ್ನಾಗಿದೆ, ಹಣವಿಲ್ಲ. ಬರಲಿಲ್ಲವೋ, ಗ್ರಾಹಕರು ಸಹಕರಿಸಲಿಲ್ಲ, ಆಗಲೂ ಹಣವಿಲ್ಲ. ಅಜ್ಜಿಯ ಕಥೆಗಳಲ್ಲಿ ರಾಕ್ಷಸನಾದರೂ ಕೊಟ್ಟ ಮಾತಿಗೆ ಕಟ್ಟುಬೀಳುತ್ತಿದ್ದ. ಸಂಜೆ ಎಷ್ಟು ಬಾಯಿ ಮುಕ್ಕಳಿಸಿದರೂ ಅವಳ ನಾಲಗೆಯ ಮೇಲೆ ಹಳಸಿದ ಹಾಲಿನ ರುಚಿ ಹೋಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಪರದೆಯ ಮೇಲೆ ಮೂಡಿದ ನಂಬರು ಮಾವನದು.

ಮಾವ ಸಾಮಾನು ಸಾಗಿಸುವ ವ್ಯಾನಿನ ಡ್ರೈವರು. ಹಿಂದಿನ ಗಾಡಿಯ ಹಾರ್ನು ಕೇಳಿಸದೆ ಒಮ್ಮೆ ತಾಗಿಸಿಕೊಂಡ ಮೇಲೆ, ತಿಂಗಳೊಳಗೆ ಕಿವಿ ಸರಿಮಾಡಿಕೊ, ಇಲ್ಲವಾದರೆ ಕೀಲಿ ಕೊಟ್ಟು ಹೋಗು ಎಂದು ಮಾಲೀಕ ಹೇಳಿದ್ದ. ಆಸ್ಪತ್ರೆಯಲ್ಲಿ ತೋರಿಸಿಕೊಳ್ಳಲೆಂದು ಕೂಡಿಟ್ಟ ಹಣದಲ್ಲಿ ಅವನು, ಯಾರಿಗೂ ಹೇಳದೆ, ಇದೇ ಕಂಪನಿಯ ಕಿವಿಯಂತ್ರ ಕೊಂಡಿದ್ದ.

“ನನ್ನ ಮಾತು ನಿಮಗೆ ಕೇಳಿಸುತ್ತಿದೆಯೇ?”

“ಹೂಂ,” ಎಂದ ಮಾವ.

ಅವಳು ನಿಯಮ ಮೀರಿದಳು. ಅದೇ ಸಕ್ಕರೆಯ ದನಿಯಲ್ಲಿ, ನಿಮ್ಮ ವ್ಯಾನನ್ನು ಇಲಿ ಓಡಿಸುತ್ತಿದೆಯೇ ಎಂದು ಕೇಳಿದಳು. ಹೂಂ. ನಿಮಗೆ ಬಾಲ ಬಂದಿದೆಯೇ? ಹೂಂ. ಎಲ್ಲವೂ ರೆಕಾರ್ಡಾಗುತ್ತಿತ್ತು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ ಎಂದು ಅವಳು ಮೇಲ್ವಿಚಾರಕನ ಮೇಜಿಗೆ ಓಡಿದಳು.

ಆಫೀಸಿನವರೆಲ್ಲ ಬೆನ್ನ ಹಿಂದೆ ಬೆಣ್ಣೆಬಾಯಿ ಎನ್ನುತ್ತಿದ್ದ ಆಸಾಮಿ ಅವನು. ಹೊಟ್ಟೆ ಹಿಡಿದುಕೊಂಡು ನಕ್ಕ. ಬಾಲದ ಮಾತನ್ನು ಮತ್ತೊಮ್ಮೆ ಹಾಕಿಸಿಕೊಂಡು ಕೇಳಿದ. ಆಮೇಲೆ ಕಣ್ಣೊರೆಸಿಕೊಳ್ಳುತ್ತ ಹೇಳಿದ: “ಉತ್ತರ ಬರ್ಬೇಕು ಅಂತ ಇದೆ ಕಣಮ್ಮ. ಸರಿಯುತ್ತರ ಬರ್ಬೇಕು ಅಂತ ಎಲ್ಲಿದೆ?”

“ಅವರು ನನ್ನ ಸೋದರಮಾವ ಸಾರ್.”

“ಹೌದಾ? ಮೊದ್ಲೇ ಹೇಳೋದಲ್ವಾ. ಮನೆಯವರು ಅಂದ್ಮೇಲೆ ಇನ್ನೊಂದು ಕಿವಿಗೂ ತಗೊಳ್ಲಿ, ರಿಯಾಯಿತಿ ಕೊಡೋಣ.”

ಅವನ ಹಲ್ಲಿನ ಸಂದಿಯಲ್ಲಿ ಊಟದ ಚೂರೊಂದು ಸಿಕ್ಕಿಕೊಂಡಿತ್ತು. ಅವಳು ಕೊರಳ ಗುರುತಿನ ಚೀಟಿಯನ್ನು ತೆಗೆದು ಅವನ ಊಟದ ಡಬ್ಬಿಯೊಳಗೆ ಹಾಕಿ ಹೊರಬಂದಳು.

ಮನೆಯಲ್ಲಿ ಮಾವ ವ್ಯಾನಿನ ಕೀಲಿಯನ್ನು ಬಟ್ಟೆಯಿಂದ ಒರೆಸುತ್ತ ಕೂತಿದ್ದ. ಪಕ್ಕದಲ್ಲಿದ್ದ ಫೋನನ್ನು ಅವಳತ್ತ ತಳ್ಳಿದ. ‘ನಿಮ್ಮ ಯಂತ್ರ ಚೆನ್ನಾಗಿ ಕೆಲಸ ಮಾಡುತ್ತಿದೆ. ಅಭಿನಂದನೆಗಳು’ ಎಂದು ಸಂದೇಶ ಬಂದಿತ್ತು.

“ನೀನಿರೋ ಕಂಪನಿ ಅಲ್ವಾ, ಮೋಸ ಇರಲ್ಲ ಅಂತ ತಗೊಂಡೆ,” ಎಂದ. ಬೈಗುಳವಾಗಿದ್ದರೂ ಅವಳು ತಡೆದುಕೊಳ್ಳುತ್ತಿದ್ದಳು. “ಹೋಗ್ಲಿ ಬಿಡು. ಫೋನಲ್ಲಿ ಯಾವುದೋ ಹುಡುಗಿ ಪಾಪ, ಏನೇನೋ ಹೇಳ್ತಾನೇ ಇದ್ಲು. ಒಂದಕ್ಷರ ತಿಳೀಲಿಲ್ಲ. ಆದ್ರೂ ಒಳ್ಳೆಯವಳು ಅನ್ಸುತ್ತೆ. ಬೇಜಾರು ಮಾಡ್ಕೋಬಾರ್ದು ಅಂತ ಹೂಂಗುಟ್ಟಿದೆ.”

ಅವಳು ಅವನ ಎದುರಿಗೆ ಕೂತಳು.

“ಮಾವ, ಅದು ನಾನೇ.”

ಮಾವ ಕೀಲಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ.

“ಹೂಂ,” ಎಂದ.