ಕಾಳಮ್ಮ ಕೇಳಿದ ಬಣ್ಣ

ನಾನು ಒಂದು ಟ್ಯಾಬ್. ಮುಂದೆ ಗಾಜು, ಹಿಂದೆ ಕಪ್ಪು ಪ್ಲಾಸ್ಟಿಕ್ಕು. ಹುಟ್ಟಿದ್ದು ಎಲ್ಲೋ ಸಮುದ್ರದಾಚೆ, ಅಲ್ಲಿಯದೇನೂ ನೆನಪಿಲ್ಲ. ನನಗೆ ಬುದ್ಧಿ ಬಂದಿದ್ದು ದಾವಣಗೆರೆ ಹೈವೇ ಪಕ್ಕದ ಕಾರು ಶೋರೂಮಿನಲ್ಲಿ, ನನ್ನೊಳಗೆ ಸಿಆರ್‌ಎಂ ಅನ್ನೋ ಸಾಫ್ಟ್‌ವೇರ್ ತುಂಬಿದ ದಿನ. ಗಿರಾಕಿಯ ಹೆಸರು, ಫೋನ್ ನಂಬರು, ಯಾವ ಕಾರು ಬೇಕು, ಯಾವಾಗ ಬೇಕು, ಎಲ್ಲ ಅದಕ್ಕೆ ಹೇಳಬೇಕು. ಗಿರಾಕಿಗೂ ನಿಮಗೂ ಸಂಬಂಧ ಬೆಳೆಸೋದೇ ಇದರ ಕೆಲಸ ಅಂತ ಹಾಕಲು ಬಂದವನು ಹೇಳಿದ. ಟೀ ಕುಡಿದು ಹೋದ. ಮತ್ತೆ ಈ ಕಡೆ ಮುಖ ಹಾಕಲಿಲ್ಲ.

ನನ್ನನ್ನು ಸೇಲ್ಸ್ ಹುಡುಗ ಮೌನೇಶನ ಕೈಗೆ ಕೊಟ್ಟರು. ನಾನು ಅವನನ್ನು ಯಾವಾಗಲೂ ಕೆಳಗಿನಿಂದ ನೋಡಿದ್ದು: ಗದ್ದ, ಮೂಗಿನ ಹೊಳ್ಳೆ, ಬಿಗಿದ ಟೈ. ಗಿರಾಕಿ ಒಳಗೆ ಬಂದರೆ ಅವನ ನಗು ಗಿರಾಕಿ ಕಡೆ, ಕಣ್ಣು ನನ್ನ ಕಡೆ. ನಂಬರು ಹಾಕದೆ ನಾನು ಮುಂದಿನ ಪುಟ ಬಿಡುವುದಿಲ್ಲವಲ್ಲ. "ಮೊದ್ಲು ಕಾರು ತೋರ್ಸಪ್ಪ, ಆಮೇಲೆ ನನ್ನ ಜಾತ್ಕ ಬರ್ಕೊಳ್ಳೋವಂತೆ" ಅಂತ ಬೈದು ಒಬ್ಬರು ಎದುರಿನ ಶೋರೂಮಿಗೆ ಹೋದರು. ಅದಕ್ಕೂ ನಾನು ಪಟ್ಟಿ ತೋರಿಸಿ ಕಾರಣ ಕೇಳಿದೆ.

ಆಷಾಢ ಬಂತು. ಆಷಾಢದಲ್ಲಿ ನಮ್ಮ ಕಡೆ ಯಾರು ಗಾಡಿ ತಗೋತಾರೆ? ಸಾಫ್ಟ್‌ವೇರ್ ಬರೆದವರಿಗೆ ಆಷಾಢ ಗೊತ್ತಿಲ್ಲ. ದಿನಾ ಹೊಸ ಗಿರಾಕಿ ತುಂಬದಿದ್ದರೆ ಹಾಜರಿಯೇ ಬೀಳದು. ಬೆಳಗ್ಗಿನಿಂದ ನಿಂತು ಕಾಲು ಬಾತವನೂ ನನ್ನ ಪಾಲಿಗೆ ಗೈರು. ಗೈರಾದವರನ್ನು ಮನೆಗೆ ಕಳಿಸ್ತೀನಿ ಅಂತ ಮ್ಯಾನೇಜರ್ ಕಾಮತ್ ಮೀಟಿಂಗಿನಲ್ಲಿ ಗದರುತ್ತಿದ್ದರು. ಹುಡುಗರೆಲ್ಲ ಅತ್ತಿಗೆ, ಮಾವ, ಕಟಿಂಗ್ ಶಾಪಿನವನು ಅಂತ ನಂಬರು ತುಂಬಿದರು. ಮೌನೇಶನಿಗೆ ನೆಂಟರು ಕಡಿಮೆ. ಅವ್ವನ ನಂಬರು ಹಾಕಿದ. ಹೆಸರು ಕಾಳಮ್ಮ, ಕೆಲಸ ಸ್ವಂತ ವ್ಯಾಪಾರ. ಆಕೆ ಮಂಡಕ್ಕಿ ಭಟ್ಟಿಯಲ್ಲಿ ಜರಡಿ ಹಿಡಿಯುತ್ತಿದ್ದಳು.

ಹೆಡ್ ಆಫೀಸಿನ ಹುಡುಗಿ ಆ ನಂಬರಿಗೆ ಫೋನ್ ಹಚ್ಚಿ, "ನೀವು ಕೇಳಿದ ಕಾರು ನೋಡೋಕೆ ಬನ್ನಿ ಮೇಡಂ" ಅಂದಳಂತೆ. ಮಗನೇ ತನ್ನನ್ನು ಕಾರಿನಲ್ಲಿ ಕೂರಿಸೋಕೆ ಏರ್ಪಾಡು ಮಾಡಿದಾನೆ ಅಂದುಕೊಂಡು ಕಾಳಮ್ಮ ಬಂದೇ ಬಿಟ್ಟಳು. ಮದುವೆ ಸೀರೆ, ಮುಡಿಯಲ್ಲಿ ಹಳದಿ ಸೇವಂತಿಗೆ, ಕೈಯಲ್ಲಿ ಮಂಡಕ್ಕಿ ಚೀಲ.

ಮೌನೇಶ ನನ್ನನ್ನು ಬೆನ್ನ ಹಿಂದೆ ಸರಿಸಿದ. ಕಾಮತ್ ಎದ್ದು ಬಂದರು. "ಯಾರಿವರು?"

ಕಾಳಮ್ಮ ಮಗನ ಮುಖ ನೋಡಿದಳು. ಅಷ್ಟೇ ಸಾಕಾಯಿತು.

"ಕಾರು ನೋಡೋಕೆ ಬಂದೀನ್ರೀ. ಈ ಹುಡ್ಗನೇ ಬಾ ಅಂದಿದ್ದ. ಏನಪ್ಪಾ ನಿನ್ನ ಹೆಸ್ರು?"

"ಮೌನೇಶ... ಮೇಡಂ."

"ಚಲೋ ಹೆಸ್ರು. ಯಾರಿಟ್ರು?"

ಮೌನೇಶ ಆಕೆಯನ್ನು ಕೂರಿಸಿಕೊಂಡು ಹೈವೇಯಲ್ಲಿ ಒಂದು ಸುತ್ತು ಹೊಡೆದ. ನಾನು ಇಬ್ಬರ ನಡುವೆ ಬಿದ್ದಿದ್ದೆ.

"ಎಂಥಾ ಕೆಲ್ಸ ಮಾಡಿದ್ಯೋ ಮೂಳ!"

"ಹಾಜರಿ ಬೀಳ್ತಿರ್ಲಿಲ್ಲ ಅವ್ವ. ಸಿಕ್ಕಿಬಿದ್ರೆ ಕೆಲ್ಸ ಹೋಗ್ತತಿ."

ಆಕೆ ಸೆರಗು ಸರಿ ಮಾಡಿಕೊಂಡು ಸೀಟಿಗೆ ಒರಗಿದಳು. "ಎಸಿ ಇನ್ನೊಂಚೂರು ಜಾಸ್ತಿ ಮಾಡು."

ವಾಪಸ್ ಬಂದ ಕೂಡಲೇ ಕಾಮತ್ ಕೇಳಿದರು, "ಯಾವಾಗ ಬುಕ್ ಮಾಡೋಣಮ್ಮ?"

"ಎಲ್ಲಾ ಸೈ. ಬಣ್ಣ ಮನಸ್ಸಿಗೆ ಬರ್ಲಿಲ್ಲ. ಈ ಸೇವಂತಿಗೆ ಬಣ್ಣ ಬಂದ್ರೆ ಹೇಳ್ರಿ."

ನಾನು ದಾಖಲಿಸಿಕೊಂಡೆ: ಬಣ್ಣದ ನಿರೀಕ್ಷೆಯಲ್ಲಿ.

ಬಣ್ಣಕ್ಕೆ ಕಾಯುವ ಗಿರಾಕಿಗೆ ದಿನಾ ಫೋನ್ ಮಾಡಬೇಕು, ನನ್ನಿಂದಲೇ ಮಾಡಬೇಕು. ಮಾತೆಲ್ಲ ರೆಕಾರ್ಡು, ಕಾಮತ್ ಕೇಳುತ್ತಾರೆ. ಕಾಳಮ್ಮ ಭಟ್ಟಿಗೆ ಹೋಗುವಾಗ ಮಗ ಮಲಗಿರುತ್ತಿದ್ದ, ಮಗ ಮನೆ ಸೇರುವಾಗ ಆಕೆ ಮಲಗಿರುತ್ತಿದ್ದಳು. ಹಿಂಗಾಗಿ ಅವ್ವ ಮಗ ಮಾತಾಡುತ್ತಿದ್ದದ್ದು ಇದೊಂದೇ.

"ನಮಸ್ತೆ ಮೇಡಂ, ಶೋರೂಮಿನಿಂದ."

"ಹೇಳಪ್ಪಾ. ಬಣ್ಣ ಬಂತಾ?"

"ಇನ್ನೂ ಇಲ್ಲ ಮೇಡಂ."

"ಬರ್ಲಿ ಬಿಡು. ಉಂಡ್ಯಾ?"

"ಆಯ್ತು ಮೇಡಂ."

"ಸುಳ್ಳು."

ನಾನು ಹಸಿರು ಗುರುತು ಹಾಕುತ್ತಿದ್ದೆ.

ಶ್ರಾವಣ ಬಂತು, ಗಿರಾಕಿಗಳೂ ಬಂದರು. ಆದರೆ ನನ್ನೊಳಗೆ ಕಾಳಮ್ಮನ ಹೆಸರು ಕೆಂಪಾಯಿತು. ಇಷ್ಟು ಮಾತಾಡಿಯೂ ಬುಕಿಂಗ್ ಇಲ್ಲ. ಗಿರಾಕಿ ಕೈತಪ್ಪಿದರು ಅಂತ ಒತ್ತಿದರೂ ಕೆಂಪು ಮೌನೇಶನ ಹೆಸರಿಗೇ.

"ಈ ವಾರ ಆಯಮ್ಮ ಬುಕ್ ಮಾಡ್ಬೇಕು, ಇಲ್ಲಾ ನೀನು ಐಡಿ ಕಾರ್ಡ್ ಇಟ್ಟು ನಡಿ" ಅಂದರು ಕಾಮತ್.

ಮೌನೇಶ ಟೈ ಬಿಚ್ಚಿದ. ಐಡಿ ಕಾರ್ಡು ತೆಗೆದ. ಎರಡನ್ನೂ ನನ್ನ ಮೇಲೆ ಒಗೆದ.

"ಮಂಡಕ್ಕಿ ಜರಡಿ ಹಿಡಿಯೋ ನಮ್ಮವ್ವನಿಗೆ ಕಾರು ಮಾರೋ ಇನ್ನೊಬ್ಬ ಗಂಡ್ಸನ್ನ ಹುಡುಕ್ರಿ ಸರ್."

ಕಾಮತ್‌ಗೆ ಅದು ಅರ್ಥವಾಗೋ ಹೊತ್ತಿಗೆ ಅವನು ರಸ್ತೆ ದಾಟಿದ್ದ.

ನನಗಂತೂ ಅದು ಅರ್ಥವಾಗುವ ಮಾತೇ ಅಲ್ಲ. ಮರುದಿನ ನನ್ನನ್ನು ಹಿಡಿದ ಹೊಸ ಹುಡುಗಿ ನಯನಾಗೆ ಮೊದಲು ತೋರಿಸಿದ್ದೇ ಕಾಳಮ್ಮನ ಹೆಸರು. ಆಕೆ ಫೋನ್ ಮಾಡಿದಳು.

"ಕಾಳಮ್ಮ ಮೇಡಂ, ಹಳದಿ ಬಣ್ಣ ಬಂದೈತಿ."

"ತಡ ಆತವ್ವ. ಆ ಹುಡ್ಗ ಈಗ ನನ್ ಜೊತಿಗೇ ಭಟ್ಟಿಯಾಗೆ ಅದಾನೆ. ಹೊಸಬಳಾ ನೀನು? ಉಂಡ್ಯಾ?"

ನಯನಾ ಫೋನ್ ಇಟ್ಟಳು. ಗಿರಾಕಿಗೆ ಯಾಕೆ ಬೇಡ ಅನ್ನೋ ಕಾರಣಗಳ ಪಟ್ಟಿ ಮೇಲಿನಿಂದ ಕೆಳಗೆ ತಡಕಿದಳು. ಒಂದೂ ಹೊಂದಲಿಲ್ಲ. ಆ ಹೆಸರನ್ನು ಹಾಗೇ ಬಿಟ್ಟಳು.

ಆಮೇಲೆ ನಾನು ಯಾರದೋ ಕೈ ಜಾರಿ ಬಿದ್ದೆ, ಗಾಜು ಬಿರುಕು ಬಿಟ್ಟಿತು. ಈಗ ಗುಜರಿ ಅಂಗಡಿಯಲ್ಲಿದ್ದೇನೆ, ಹಳೆಯ ಮಿಕ್ಸಿ ಜಾರಿನ ಪಕ್ಕ. ಬದುಕಿಡೀ ನಾನು ಕೇಳಿದ್ದೇ ಕೇಳಿದ್ದು. ಹೆಸರೇನು, ನಂಬರೇನು, ಯಾಕೆ ಬೇಡ. ಉಂಡ್ಯಾ ಅಂತ ಕೇಳೋದನ್ನ ನನ್ನೊಳಗೆ ಯಾರೂ ಹಾಕಿರಲಿಲ್ಲ.

ನಿನ್ನೆ ಗುಜರಿಯವನು ಜೀವ ಇದೆಯಾ ನೋಡೋಣ ಅಂತ ಕರೆಂಟು ಕೊಟ್ಟ. ಬಿರುಕು ಬಿಟ್ಟ ಗಾಜಿನ ಮೇಲೆ ಒಂದೇ ಸಾಲು ಬೆಳಗಿತು.

ಇಂದು ಫೋನ್ ಮಾಡಿ: ಕಾಳಮ್ಮ. ಬಣ್ಣದ ನಿರೀಕ್ಷೆಯಲ್ಲಿ.